ಮಕ್ಕಳ ಫುಟ್ಬಾಲ್ ಮ್ಯಾಚಿಗೆ ರೆಫ್ರಿ ಹಾಕುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಕುಂಬಳೆ, ಉಪ್ಪಳ, ಬದಿಯಡ್ಕ, ಪೆರ್ಲ ಈ ಕಡೆ ಮಕ್ಕಳ ಮ್ಯಾಚುಗಳಿಗೆ ರೆಫ್ರಿಗಳ ಡ್ಯೂಟಿ ಹಾಕುವ ಕೆಲಸ ನಾವು ನಾಲ್ಕು ಜನ ಸೇರಿ ಮಾಡ್ತಾ ಇದ್ದೇವೆ. ಮಳೆ ಬಿಟ್ಟು ಗದ್ದೆ ಗ್ರೌಂಡು ಒಣಗಿದ ಮೇಲೆ, ಅಂದ್ರೆ ನವೆಂಬರಿನಿಂದ ಮೇ ತನಕ, ಶನಿವಾರ ಆದಿತ್ಯವಾರ ಹತ್ತಿರ ಬಂತು ಅಂದ್ರೆ ಒಂದೇ ನಮೂನೆಯ ಪ್ರಶ್ನೆಗಳು ಬರ್ತಾ ಇರ್ತವೆ, ಅಪ್ಪ ಅಮ್ಮಂದಿರು ಕೇಳ್ತಾರೆ, ಕೋಚ್‌ಗಳು ಕೇಳ್ತಾರೆ, ಹೊಸದಾಗಿ ವಿಸಿಲ್ ಹಿಡಿದ ಮಕ್ಕಳು ಕೇಳ್ತಾರೆ. ಎಲ್ಲರಿಗೂ ಒಂದೇ ಕಡೆ ಉತ್ತರ ಇರ್ಲಿ ಅಂತ ಇದನ್ನು ಬರೆದದ್ದು.

ಡ್ಯೂಟಿ ಹಾಕುದು ಯಾರು? ಟೀಮಿನವರೇ ರೆಫ್ರಿ ಕರ್ಕೊಂಡು ಬರ್ಲಿಕ್ಕೆ ಆಗುದಿಲ್ವಾ?

ಅದು ಯಾರ ಮ್ಯಾಚ್ ಅನ್ನುದರ ಮೇಲೆ ಹೋಗ್ತದೆ. ಶಾಲೆಯ ಉಪಜಿಲ್ಲಾ ಮಟ್ಟದ ಪಂದ್ಯಗಳಾದ್ರೆ ಶಿಕ್ಷಣ ಇಲಾಖೆಯ ಕಡೆಯಿಂದ ದೈಹಿಕ ಶಿಕ್ಷಕರು ನೋಡಿಕೊಳ್ತಾರೆ. ಜಿಲ್ಲಾ ಅಸೋಸಿಯೇಷನ್ ನಡೆಸುವ ಟೂರ್ನಮೆಂಟಿಗೆ ಅವರದ್ದೇ ರೆಫ್ರಿಗಳ ಪಟ್ಟಿ ಉಂಟು. ಊರಿನ ಕ್ಲಬ್ಬುಗಳು, ಅಕಾಡೆಮಿಗಳು, ಟರ್ಫಿನವರು ರಜೆಯಲ್ಲಿ ಇಡುವ ಮಕ್ಕಳ ಮ್ಯಾಚುಗಳಿಗೆ ಮಾತ್ರ ನಮ್ಮ ಹತ್ರ ಕೇಳುದು.

ಟೀಮಿನವರೇ ಕರ್ಕೊಂಡು ಬರುದು ಬೇಡ. ಕರ್ಕೊಂಡು ಬಂದ ಜನ ಎಷ್ಟೇ ಪ್ರಾಮಾಣಿಕ ಆಗಿರ್ಲಿ, ಮೊದಲ ಪೆನಾಲ್ಟಿ ಕೊಟ್ಟ ಕೂಡ್ಲೆ "ಅವ್ರು ನಿಮ್ಮ ಜನ ಅಲ್ವಾ" ಅಂತ ಆಚೆ ಸೈಡಿನಿಂದ ಬೊಬ್ಬೆ ಬರ್ತದೆ, ಮತ್ತೆ ಆ ಮ್ಯಾಚ್ ಮಕ್ಕಳ ಕೈಯಲ್ಲಿ ಇರುದಿಲ್ಲ, ದೊಡ್ಡವರ ಜಗಳ ಆಗಿ ಬಿಡ್ತದೆ. ರೆಫ್ರಿ ಯಾರು ಅಂತ ಎರಡೂ ಟೀಮಿನ ಹೊರಗಿನವರು ನಿರ್ಧರಿಸ್ಬೇಕು, ಅಷ್ಟೆ.

ಒಂದು ಮ್ಯಾಚಿಗೆ ಎಷ್ಟು ಜನ ರೆಫ್ರಿಗಳು ಬೇಕು?

ಫುಟ್ಬಾಲಿನ 17 ನಿಯಮಗಳಲ್ಲಿ 5ನೆಯದ್ದು ರೆಫ್ರಿಯ ಬಗ್ಗೆ, 6ನೆಯದ್ದು ಉಳಿದ ಅಧಿಕಾರಿಗಳ ಬಗ್ಗೆ. ರೆಫ್ರಿ ಒಬ್ಬರು ಇರ್ಲೇಬೇಕು, ಉಳಿದವರನ್ನು ಹಾಕ್ಬಹುದು ಅಂತ ಉಂಟು. 13 ವರ್ಷ ದಾಟಿದ ಮಕ್ಕಳ ಹನ್ನೊಂದು ಜನರ ಮ್ಯಾಚಿಗೆ ನಾವು ಮೂವರನ್ನು ಹಾಕ್ತೇವೆ, ನಡುವಲ್ಲಿ ಒಬ್ಬರು, ಎರಡು ಬದಿಯಲ್ಲಿ ಫ್ಲ್ಯಾಗ್ ಹಿಡಿದು ಇಬ್ಬರು. ಈ ಬದಿಯವರನ್ನು ಊರಲ್ಲಿ ಈಗ್ಲೂ ಲೈನ್ಸ್‌ಮನ್ ಅಂತ್ಲೇ ಹೇಳುದು, ಆದ್ರೆ 1996ರಲ್ಲೇ ಹೆಸರು ಅಸಿಸ್ಟೆಂಟ್ ರೆಫ್ರಿ ಅಂತ ಬದಲಾಗಿದೆ, ಹುಡುಗಿಯರೂ ಫ್ಲ್ಯಾಗ್ ಹಿಡಿಯುವಾಗ ಆ ಹೊಸ ಹೆಸರೇ ಚಂದ. ಹತ್ತು ವರ್ಷದ ಒಳಗಿನ ಸಣ್ಣ ಗ್ರೌಂಡಿನ ಆಟಕ್ಕೆ ಒಬ್ಬರೇ ಸಾಕು.

ಮೂವರು ಬೇಕಾದಲ್ಲಿ ಒಬ್ಬರೇ ಸಿಕ್ಕಿದ್ರೆ ಎರಡೂ ಟೀಮಿನಿಂದ ಒಬ್ಬೊಬ್ಬರಿಗೆ ಫ್ಲ್ಯಾಗ್ ಕೊಡ್ತೇವೆ, ಆದ್ರೆ ಅವರು ಬಾಲ್ ಲೈನ್ ದಾಟಿತಾ ಇಲ್ವಾ ಅಂತ ಮಾತ್ರ ತೋರಿಸುದು. ಆಫ್‌ಸೈಡ್, ಫೌಲ್ ಎಲ್ಲ ನಡುವಿನವರದ್ದೇ.

ಯಾರಿಗೆ ಯಾವ ಮ್ಯಾಚ್ ಅಂತ ಯಾವ ಲೆಕ್ಕದಲ್ಲಿ ಹಾಕುದು?

ಇದು ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ, ಕೆಲವರು ಸಿಟ್ಟಲ್ಲೇ ಕೇಳ್ತಾರೆ, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳ್ತೇನೆ.

ಬುಧವಾರ ರಾತ್ರಿ ಒಳಗೆ ಎಲ್ಲಾ ರೆಫ್ರಿಗಳು ಆ ವಾರ ಬರ್ಲಿಕ್ಕೆ ಆಗ್ತದಾ, ಬೆಳಿಗ್ಗೆಯಾ ಸಂಜೆಯಾ, ಎಲ್ಲಿ ತನಕ ಬರ್ಲಿಕ್ಕೆ ಆಗ್ತದೆ ಅಂತ ಹೇಳ್ಬೇಕು. ಗುರುವಾರ ನಾನು ಮ್ಯಾಚುಗಳ ಪಟ್ಟಿ ಹಿಡಿದು ಕೂತ್ಕೊಳ್ತೇನೆ. ಮೊದಲು ಎತ್ತಿಕೊಳ್ಳುದು ಕಷ್ಟದ ಮ್ಯಾಚ್, ಅಂದ್ರೆ ಹಿಂದೆ ಗಲಾಟೆ ಆದ ಟೀಮುಗಳು, ಸೆಮಿ, ಫೈನಲ್, 15-16 ವರ್ಷದ ಹುಡುಗರ ಮ್ಯಾಚುಗಳು. ಅದಕ್ಕೆ ಅನುಭವ ಇದ್ದವರನ್ನು ಇಟ್ಟು ಮತ್ತೆ ಕೆಳಗೆ ಬರುದು. ಮೇಲಿನಿಂದ ಕೆಳಗೆ ತುಂಬಿಸದೆ ಸುಲಭದ್ದನ್ನು ಮೊದಲು ಹಾಕಿದ್ರೆ ಕೊನೆಗೆ ಕಷ್ಟದ ಮ್ಯಾಚಿಗೆ ಹೊಸ ಮಗು ಒಂದೇ ಉಳಿತದೆ.

ಆಮೇಲೆ ವಯಸ್ಸು. ಆಡುವ ಮಕ್ಕಳಿಗಿಂತ ರೆಫ್ರಿ ಕಮ್ಮಿ ಅಂದ್ರೂ ಎರಡು ವರ್ಷ ದೊಡ್ಡವರಿರ್ಬೇಕು, ನಡುವಲ್ಲಿ ನಿಲ್ಲುದಾದ್ರೆ ಮೂರ್ನಾಲ್ಕು ವರ್ಷ ಇದ್ರೆ ಇನ್ನೂ ಒಳ್ಳೇದು. ಆಮೇಲೆ ದೂರ. ಲೈಸೆನ್ಸ್ ಇಲ್ಲದ ಮಕ್ಕಳು ಬಸ್ಸಲ್ಲೇ ಬರ್ಬೇಕಲ್ಲ, ಕರಾವಳಿ ಉದ್ದಕ್ಕೆ ಮಂಜೇಶ್ವರ, ಉಪ್ಪಳ, ಕುಂಬಳೆ ಆದ್ರೆ ಹೈವೇ ಉಂಟು ಟ್ರೈನ್ ಉಂಟು, ಆದ್ರೆ ಪೆರ್ಲ, ಮುಳ್ಳೇರಿಯ ಕಡೆಯ ಗ್ರೌಂಡಿಗೆ ಹೋದವರಿಗೆ ಸಂಜೆ ಮ್ಯಾಚ್ ಮುಗಿಯುವಾಗ ವಾಪಸ್ ಬಸ್ ಇಲ್ಲ ಅಂತಾದ್ರೆ ಅವರ ಮನೆಯವರು ಮುಂದಿನ ವಾರ ಕಳಿಸುದಿಲ್ಲ, ಅವರು ಹೇಳುದರಲ್ಲಿ ತಪ್ಪೂ ಇಲ್ಲ. ನಾನು ಬಸ್ಸಿನ ಟೈಮ್ ಬರೆದಿಟ್ಟ ಒಂದು ಪುಸ್ತಕ ಇಟ್ಕೊಂಡಿದ್ದೇನೆ, ನಿಯಮದ ಪುಸ್ತಕದಷ್ಟೇ ಸಲ ಅದನ್ನೂ ತೆರಿತೇನೆ.

ಇನ್ನು ಜೊತೆ. ಹೊಸಬರನ್ನು ಯಾವತ್ತೂ ಹೊಸಬರ ಜೊತೆ ಹಾಕುದಿಲ್ಲ. ಮೂವರಲ್ಲಿ ಒಬ್ಬರಾದ್ರೂ ಹಾಫ್‌ಟೈಮಲ್ಲಿ ನೀರು ಕುಡೀತಾ "ಅದು ಚೆನ್ನಾಗಿತ್ತು, ಇನ್ನೊಂದು ಸಲ ಅಲ್ಲಿಂದ ಸ್ವಲ್ಪ ಈಚೆ ನಿಂತ್ಕೊ" ಅಂತ ಹೇಳುವವರು ಇರ್ಬೇಕು. ಕೊನೇದಾಗಿ ದಣಿವು, ಎಪ್ರಿಲ್ ಬಿಸಿಲಲ್ಲಿ ನಡುವಿನ ಡ್ಯೂಟಿ ದಿನಕ್ಕೆ ಎರಡೇ, ಮೂರನೇದು ಬೇಕಾದ್ರೆ ಫ್ಲ್ಯಾಗ್ ಮಾತ್ರ.

ನನ್ನ ಮಗಳಿಗೆ 14 ವರ್ಷ, ರೆಫ್ರಿ ಆಗ್ಬಹುದಾ? ಮೊದಲ ಮ್ಯಾಚ್ ಯಾವುದು ಕೊಡ್ತೀರಿ?

ಖಂಡಿತ ಆಗ್ಬಹುದು. 13-14 ಅಂದ್ರೆ ಶುರು ಮಾಡ್ಲಿಕ್ಕೆ ಒಳ್ಳೆ ವಯಸ್ಸು. ಅವಳಿಗೆ ಎಂಟು ಒಂಬತ್ತು ವರ್ಷದ ಪುಟ್ಟ ಮಕ್ಕಳ ಮ್ಯಾಚ್ ಕೊಡ್ತೇವೆ, ಅಲ್ಲಿ ಥ್ರೋ ತಪ್ಪು ಹಾಕಿದ್ರೆ ಇನ್ನೊಂದು ಚಾನ್ಸ್ ಕೊಡುದು, ಶೂ ಲೇಸ್ ಕಟ್ಟಿಕೊಡುದು ಎಲ್ಲ ಇರ್ತದೆ. ಇಲ್ಲದಿದ್ರೆ ಹನ್ನೆರಡರ ಒಳಗಿನ ಮ್ಯಾಚಲ್ಲಿ ಫ್ಲ್ಯಾಗ್, ಅದೂ ಟೀಮಿನವರ ಬೆಂಚ್ ಇಲ್ಲದ ಬದಿಯಲ್ಲಿ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳ್ಲಿಕ್ಕೆ ಕಾರಣ ಉಂಟು. ಕೆಲವು ವರ್ಷ ಹಿಂದೆ ಒಂದು ಆದಿತ್ಯವಾರ ಜನ ಕಮ್ಮಿ ಆಗಿ ನಾನು 15 ವರ್ಷದ ಒಬ್ಬ ಹುಡುಗನನ್ನು 15ರ ಒಳಗಿನ ಮ್ಯಾಚಿಗೇ ನಡುವಲ್ಲಿ ಹಾಕಿದೆ. ಒಳ್ಳೆ ಹುಡುಗ, ನಿಯಮ ಎಲ್ಲ ಬಾಯಿಪಾಠ, ಓಡ್ಲಿಕ್ಕೂ ಗಟ್ಟಿ. ಆಡುವವರು ಅವನದ್ದೇ ಪ್ರಾಯದವರು, ಇಬ್ಬರು ಮೂವರು ಅವನ ಪರಿಚಯದವರು ಕೂಡ. ಹದಿನೈದು ನಿಮಿಷದಲ್ಲಿ ಒಂದು ಹ್ಯಾಂಡ್‌ಬಾಲ್ ವಿಷಯಕ್ಕೆ ಶುರುವಾದ ಬೊಬ್ಬೆ ನಿಲ್ಲಲೇ ಇಲ್ಲ, ಲೈನಿನ ಆಚೆ ನಿಂತ ದೊಡ್ಡವರೊಬ್ಬರು ಅವನ ಅಪ್ಪನ ಹೆಸರು ಹಿಡಿದು ಬೈದ್ರು. ಅವನು ಮ್ಯಾಚ್ ಪೂರ್ತಿ ಮಾಡಿದ, ನನ್ನ ಹತ್ರ ಬಂದು ವಿಸಿಲ್ ಕೊಟ್ಟು ಹೋದ, ಒಂದು ಮಾತಾಡ್ಲಿಲ್ಲ. ಆಮೇಲೆ ಅವನು ಬರ್ಲೇ ಇಲ್ಲ. ಬೈದವರ ತಪ್ಪು ಉಂಟು, ಆದ್ರೆ ಅಲ್ಲಿ ಅವನನ್ನು ನಿಲ್ಲಿಸಿದ್ದು ನಾನು. ಆ ದಿನ ಮ್ಯಾಚ್ ಕ್ಯಾನ್ಸಲ್ ಮಾಡಿದ್ರೆ ಎರಡು ಟೀಮಿಗೆ ಬೇಜಾರಾಗ್ತಿತ್ತು, ಮುಂದಿನ ವಾರ ಆಡ್ತಿದ್ರು.

ಆವತ್ತಿನಿಂದ ಡ್ಯೂಟಿ ಪಟ್ಟಿ ಹಾಕುವಾಗ ನಾನು ನನ್ನ ಹತ್ರವೇ ಕೇಳುವ ಪ್ರಶ್ನೆ ಒಂದೇ, ಈ ಮಗು ಈ ಮ್ಯಾಚ್ ಮುಗಿಸಿ ಮುಂದಿನ ವಾರವೂ ಬರ್ತದಾ? ಅನುಮಾನ ಬಂದ್ರೆ ಹೆಸರು ತೆಗಿತೇನೆ, ಮ್ಯಾಚ್ ಖಾಲಿ ಉಳಿದ್ರೂ ಅಡ್ಡಿಲ್ಲ.

ನನ್ನ ತಮ್ಮ ಆಡ್ತಾ ಇದ್ದಾನೆ, ಅದೇ ಮ್ಯಾಚಿಗೆ ನಾನು ರೆಫ್ರಿ ಆಗ್ಬಹುದಾ?

ಬೇಡ. ತಮ್ಮ, ಅಕ್ಕನ ಮಗ, ನೀವು ಆಡುವ ಕ್ಲಬ್ಬಿನ ಟೀಮ್, ನೀವು ಕಲಿಯುವ ಶಾಲೆ, ಯಾವುದಿದ್ರೂ ಬುಧವಾರವೇ ಹೇಳಿಬಿಡಿ. ನಮ್ಮದು ಸಣ್ಣ ಊರು, ಹುಡುಕ್ತಾ ಹೋದ್ರೆ ಎಲ್ಲರೂ ಎಲ್ಲರಿಗೂ ಸಂಬಂಧವೇ, ಹಾಗಾಗಿ ಮನೆಯವರು ಮತ್ತು ಸ್ವಂತ ಕ್ಲಬ್ ಶಾಲೆ ಇಷ್ಟಕ್ಕೆ ಮಾತ್ರ ಪಟ್ಟು ಹಿಡಿತೇವೆ. ಒಂದೇ ವಾರ್ಡಿನವರು, ದೂರದ ಸಂಬಂಧ ಅಂತ ಇದ್ರೆ ಎರಡೂ ಕೋಚ್‌ಗಳಿಗೆ ಮೊದಲೇ ಹೇಳಿ ಹಾಕುದು.

ಭಾಷೆ ಕೂಡ ನೋಡ್ತೀರಾ?

ನೋಡ್ತೇವೆ, ಇದು ಹೊರಗಿನವರಿಗೆ ಆಶ್ಚರ್ಯ ಆಗ್ತದೆ. ಕಾಸರಗೋಡು ಸಪ್ತಭಾಷೆಯ ಊರು ಅಂತ ಭಾಷಣದಲ್ಲಿ ಹೇಳುದು ಬೇರೆ, ಗ್ರೌಂಡಲ್ಲಿ ಅದು ದಿನಾ ಎದುರಾಗ್ತದೆ. ವಿಸಿಲ್, ಕಾರ್ಡ್, ಕೈ ತೋರಿಸುದು ಎಲ್ಲಾ ಕಡೆ ಒಂದೇ, 1970ರ ವರ್ಲ್ಡ್ ಕಪ್ಪಲ್ಲಿ ಹಳದಿ ಕೆಂಪು ಕಾರ್ಡ್ ಮೊದಲು ಬಂದದ್ದೇ ಭಾಷೆ ಗೊತ್ತಿಲ್ಲದವರಿಗೂ ತಿಳೀಲಿ ಅಂತ. ದೊಡ್ಡ ಮಕ್ಕಳಿಗೆ ಅಷ್ಟು ಸಾಕು. ಆದ್ರೆ ಒಂಬತ್ತು ವರ್ಷದ ಮಗು ಬಿದ್ದು ಅಳುವಾಗ "ಎಲ್ಲಿ ನೋವು" ಅಂತ ಅದರ ಭಾಷೆಯಲ್ಲಿ ಕೇಳುವವರು ಒಬ್ಬರು ಬೇಕು. ಪೆರ್ಲ ಕಡೆಯ ಕನ್ನಡ ಮೀಡಿಯಂ ಮಕ್ಕಳ ಮ್ಯಾಚಿಗೆ ಜಿಲ್ಲೆಯ ತೆಂಕು ತುದಿಯ ತೃಕ್ಕರಿಪುರದಿಂದ ಬಂದ ಮಲಯಾಳ ಮಾತ್ರ ಬರುವ ರೆಫ್ರಿ ನಡುವಲ್ಲಿದ್ರೆ ಬದಿಯಲ್ಲಿ ಕನ್ನಡವೋ ತುಳುವೋ ಬರುವವರನ್ನು ಹಾಕ್ತೇವೆ. ಉಪ್ಪಳದ ಮಕ್ಕಳಾದ್ರೆ ಬ್ಯಾರಿ, ಉರ್ದು ಮಾತಾಡುವವರೂ ಇರ್ತಾರೆ. ತೆಂಕಣ ಕಡೆಯ ರೆಫ್ರಿಗಳು ತುಂಬ ಪಳಗಿದವರು, ಆ ಕಡೆ ಫುಟ್ಬಾಲ್ ಹೆಚ್ಚು, ಅವರ ಜೊತೆ ನಿಂತ್ರೆ ನಮ್ಮ ಮಕ್ಕಳಿಗೆ ಕಲೀಲಿಕ್ಕೆ ತುಂಬ ಉಂಟು.

ಒಪ್ಪಿಕೊಂಡ ಮೇಲೆ ಬರ್ಲಿಕ್ಕೆ ಆಗದಿದ್ರೆ?

ಫೋನ್ ಮಾಡಿ. ಗ್ರೂಪಲ್ಲಿ ಮೆಸೇಜ್ ಹಾಕಿ ಸುಮ್ಮನೆ ಕೂತ್ರೆ ಅದನ್ನು ನಾನು ಮ್ಯಾಚ್ ಮುಗಿದ ಮೇಲೆ ನೋಡುದು. ಜ್ವರ, ಪರೀಕ್ಷೆ, ಮನೆಯಲ್ಲಿ ಕಾರ್ಯಕ್ರಮ ಯಾವುದಕ್ಕೂ ನಾವು ಜೋರು ಮಾಡುದಿಲ್ಲ. ಒಂದು ಮಾತ್ರ ಮಾಡ್ಬೇಡಿ, ನಿಮ್ಮ ಬದಲಿಗೆ ಫ್ರೆಂಡನ್ನು ನೀವೇ ಕಳಿಸ್ಬೇಡಿ. ಆ ಫ್ರೆಂಡ್ ಯಾವ ಕ್ಲಬ್ಬಿನವನು, ಅವನ ಪ್ರಾಯ ಎಷ್ಟು ಅಂತ ಗೊತ್ತಿಲ್ಲದೆ ಅವನನ್ನು ನಡುವಲ್ಲಿ ನಿಲ್ಲಿಸ್ಲಿಕ್ಕೆ ಆಗುದಿಲ್ಲ. ಪ್ರತಿ ಗ್ರೌಂಡಿಗೂ ಒಬ್ಬರನ್ನು ಹೆಚ್ಚಿಗೆ ಇಟ್ಟಿರ್ತೇವೆ, ನಡುವಿನವರಿಗೆ ಕಾಲು ಉಳುಕಿದ್ರೆ ಅವರ ಜಾಗಕ್ಕೆ ಯಾರು ಬರುದು ಅಂತ ಪಟ್ಟಿಯಲ್ಲೇ ಬರೆದಿರ್ತದೆ, ಯಾಕಂದ್ರೆ ಅದನ್ನು ಆಟ ಶುರುವಾಗುವ ಮೊದಲೇ ತೀರ್ಮಾನ ಮಾಡ್ಬೇಕು ಅಂತ ನಿಯಮವೇ ಹೇಳ್ತದೆ.

ವಯಸ್ಸಿಗೆ ಸರಿಯಾಗಿ ಟೈಮ್, ಬಾಲ್ ಎಲ್ಲ ಬದಲಾಗ್ತದಾ?

ಆಗ್ತದೆ. ಗ್ರೌಂಡಿನ ಅಳತೆ, ಬಾಲಿನ ಸೈಜ್, ಎರಡು ಹಾಫಿನ ಸಮಯ, ಹೊರಗೆ ಹೋದ ಆಟಗಾರ ವಾಪಸ್ ಬರುದು ಇವುಗಳನ್ನೆಲ್ಲ ಮಕ್ಕಳ ಆಟಕ್ಕೆ ತಕ್ಕ ಹಾಗೆ ಬದಲಾಯಿಸ್ಲಿಕ್ಕೆ ನಿಯಮದಲ್ಲೇ ಅವಕಾಶ ಉಂಟು, ಆದ್ರೆ ಎರಡು ಹಾಫ್ ಸಮ ಇರ್ಬೇಕು. ದೊಡ್ಡವರ 5ನೇ ನಂಬರ್ ಬಾಲ್ ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ, ಅದನ್ನು ಎಂಟು ವರ್ಷದ ಮಗುವಿಗೆ ಕೊಟ್ರೆ ಕಾಲಿಗೆ ಪೆಟ್ಟಾಗುದು ಅಷ್ಟೆ. ನಾವು ಹನ್ನೆರಡರ ಒಳಗೆ 4ನೇ ನಂಬರ್, ಎಂಟರ ಒಳಗೆ 3ನೇ ನಂಬರ್ ಬಾಲ್ ಕೊಡ್ತೇವೆ. ಹಾಫ್ ಎಷ್ಟು ನಿಮಿಷ ಅಂತ ನಡೆಸುವವರು ಮೊದಲೇ ಹೇಳದಿದ್ರೆ ಡ್ಯೂಟಿ ಹಾಕ್ಲಿಕ್ಕೂ ಆಗುದಿಲ್ಲ, ಒಂದು ಮ್ಯಾಚ್ ಎಳೆದ್ರೆ ಅದೇ ರೆಫ್ರಿಯ ಮುಂದಿನ ಮ್ಯಾಚ್ ಲೇಟ್.

ಅಮೆರಿಕದಲ್ಲಿ ನಮ್ಮ ಅಕ್ಕನ ಮಗ ರೆಫ್ರಿ ಮಾಡ್ತಾನಂತೆ, ಅಲ್ಲಿ ಎಲ್ಲ ಕಂಪ್ಯೂಟರಲ್ಲೇ ಅಂತೆ, ಹೌದಾ?

ಹೌದು, ಗಲ್ಫ್ ಮತ್ತು ಅಮೆರಿಕದಲ್ಲಿ ಇರುವ ನಮ್ಮವರಿಂದ ಇದು ತುಂಬ ಬರುವ ಪ್ರಶ್ನೆ. ಅಮೆರಿಕದಲ್ಲಿ ಡ್ಯೂಟಿ ಹಾಕುದೇ ಒಂದು ಪ್ರತ್ಯೇಕ ಕೆಲಸ, ಅವರನ್ನು ಅಸೈನರ್ ಅಂತ ಹೇಳುದು, ಅದಕ್ಕೆ ಬೇರೆಯೇ ಟ್ರೈನಿಂಗ್ ಮಾಡಿ ಸರ್ಟಿಫಿಕೇಟ್ ತೆಗೀಬೇಕು. ಗ್ರಾಸ್‌ರೂಟ್ ರೆಫ್ರಿ, ಅಂದ್ರೆ ಮೊದಲ ಮೆಟ್ಟಿಲಿನ ರೆಫ್ರಿ ಆಗ್ಲಿಕ್ಕೆ ಅಲ್ಲಿ 13 ವರ್ಷ ಆಗಿದ್ರೆ ಸಾಕು. 18 ದಾಟಿದವರು ಮಕ್ಕಳ ಸುರಕ್ಷೆಯ ಕೋರ್ಸ್ ಮಾಡ್ಬೇಕು, ಅವರ ಹಿನ್ನೆಲೆ ಕೂಡ ಪರಿಶೀಲನೆ ಆಗ್ತದೆ. ರೆಫ್ರಿ ಆನ್‌ಲೈನಲ್ಲಿ ತನಗೆ ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ದೂರ ಆಗ್ತದೆ ಅಂತ ಹಾಕಿಡ್ತಾನೆ, ಯಾವ ಟೀಮ್ ಬೇಡ ಅಂತಾನೂ ಹಾಕ್ಬಹುದು, ಅಸೈನರ್ ಅದನ್ನು ನೋಡಿ ಮ್ಯಾಚ್ ಕೊಡ್ತಾರೆ, ರೆಫ್ರಿ ಒಪ್ಪಿದ್ರೆ ಮಾತ್ರ ಅದು ಗಟ್ಟಿ. ಅಲ್ಲಿಯ ಪಟ್ಟಿಯ ಪ್ರಕಾರ ಹತ್ತರ ಒಳಗಿನವರು ಏಳೇಳು ಜನ, 25 ನಿಮಿಷದ ಎರಡು ಹಾಫ್. ಹನ್ನೆರಡರ ಒಳಗೆ ಒಂಬತ್ತು ಜನ, 30 ನಿಮಿಷ. ಅಲ್ಲಿಂದ ಮೇಲೆ ಹನ್ನೊಂದು ಜನ. ಸಣ್ಣ ಮಕ್ಕಳು ತಲೆಯಲ್ಲಿ ಬಾಲ್ ಹೊಡೀಬಾರ್ದು ಅಂತಾನೂ ಅಲ್ಲಿ ನಿಯಮ ಉಂಟು, ಅದು ನನಗೆ ತುಂಬ ಸರಿ ಕಾಣ್ತದೆ.

ಅಲ್ಲಿಯೂ ರೆಫ್ರಿಗಳು ಬಿಟ್ಟು ಹೋಗುದಕ್ಕೆ ಲೈನಿನ ಆಚೆಯ ಬೈಗುಳವೇ ದೊಡ್ಡ ಕಾರಣ. 2025ರಿಂದ ರೆಫ್ರಿಯನ್ನು ಬೈದವರಿಗೆ, ಮೈಮೇಲೆ ಹೋದವರಿಗೆ ಕಮ್ಮಿ ಅಂದ್ರೂ ಎಷ್ಟು ಶಿಕ್ಷೆ ಅಂತ ಅವರ ಫೆಡರೇಷನ್ನೇ ನಿಗದಿ ಮಾಡಿದೆ. ಇಂಗ್ಲೆಂಡಿನ ಕೆಲವು ಕಡೆ 18 ಆಗದ ರೆಫ್ರಿಗಳ ತೋಳಿಗೆ ಬೇರೆ ಬಣ್ಣದ ಪಟ್ಟಿ ಕಟ್ತಾರೆ, ಇದು ಮಗು, ನೋಡಿ ಮಾತಾಡಿ ಅಂತ. ನಾವು ಕಂಪ್ಯೂಟರಿಗಿಂತ ಮೊದಲು ಆ ಪಟ್ಟಿಯನ್ನು ತಂದೆವು, ಬಟ್ಟೆ ಅಂಗಡಿಯಿಂದ ತುಂಡು ತಂದು ಹೊಲಿಸಿದ್ದು. ಬೊಬ್ಬೆ ಪೂರ್ತಿ ನಿಂತಿಲ್ಲ, ಆದ್ರೆ ಕಮ್ಮಿ ಆಗಿದೆ, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಆ ರೆಫ್ರಿ ನಮಗೆ ಬೇಡ ಅಂತ ಕೋಚ್ ಹೇಳ್ಬಹುದಾ?

ಹೇಳ್ಬಹುದು, ಕೇಳ್ತೇವೆ, ಆದ್ರೆ ಹೆಸರು ತೆಗೀಲಿಕ್ಕೆ ಅದೊಂದೇ ಸಾಕಾಗುದಿಲ್ಲ. ಮ್ಯಾಚ್ ಮುಗಿದು ಒಂದು ದಿನ ಕಳೆದ ಮೇಲೆ ಬರೆದು ಕಳಿಸಿ, ಯಾವ ನಿಮಿಷ, ಎಂತ ಆಯ್ತು, ಯಾವ ನಿಯಮ ತಪ್ಪಿತು ಅಂತ. ಆಫ್‌ಸೈಡ್ ಹೌದಾ ಅಲ್ವಾ ಅನ್ನುದು ಆಟದ ವಿಷಯ, ಅದರಲ್ಲಿ ರೆಫ್ರಿ ಹೇಳಿದ್ದೇ ಕೊನೆ. ನಿಯಮವೇ ಗೊತ್ತಿರ್ಲಿಲ್ಲ, ಮಕ್ಕಳ ಹತ್ರ ಕೆಟ್ಟದಾಗಿ ಮಾತಾಡಿದ್ರು ಅಂತಾದ್ರೆ ಅದು ಬೇರೆ, ಆ ರೆಫ್ರಿಯನ್ನು ಕೂರಿಸಿ ಮಾತಾಡ್ತೇವೆ, ಬೇಕಾದ್ರೆ ಕೆಲವು ವಾರ ಡ್ಯೂಟಿ ಕೊಡುದಿಲ್ಲ. ಹಾಗೇ, ಮಗು ರೆಫ್ರಿಯನ್ನು ಬೈದ ಟೀಮಿಗೆ ಮುಂದಿನ ಮ್ಯಾಚಿಗೆ ನಮ್ಮಿಂದ ಯಾರೂ ಹೋಗುದಿಲ್ಲ, ಅವರು ಬಂದು ಆ ಮಗುವಿನ ಹತ್ರ ಮಾತಾಡುವ ತನಕ.

ಹುಡುಗಿಯರ ಮ್ಯಾಚ್, ಹುಡುಗಿ ರೆಫ್ರಿಗಳಿಗೆ ಬೇರೆ ವ್ಯವಸ್ಥೆ ಉಂಟಾ?

ಉಂಟು. 18 ಆಗದ ರೆಫ್ರಿಗಳಿಗೆ, ಹುಡುಗ ಆಗ್ಲಿ ಹುಡುಗಿ ಆಗ್ಲಿ, ನಾವು ಒಂಟಿಯಾಗಿ ಮೆಸೇಜ್ ಮಾಡುದಿಲ್ಲ, ಅಪ್ಪನೋ ಅಮ್ಮನೋ ಇರುವ ಗ್ರೂಪಲ್ಲೇ ಡ್ಯೂಟಿ ಹೇಳುದು. ಹುಡುಗಿಯರಿಗೆ ಕತ್ತಲಾಗುವ ಮೊದಲು ಮನೆ ಮುಟ್ಟುವ ಹಾಗೆ ಮ್ಯಾಚ್, ಗ್ರೌಂಡಲ್ಲಿ ಒಬ್ಬರು ಹೆಂಗಸರು ಇರ್ಲೇಬೇಕು, ಬಟ್ಟೆ ಬದಲಾಯಿಸ್ಲಿಕ್ಕೆ ಬಾಗಿಲು ಇರುವ ಜಾಗ ಬೇಕು. ಇದಿಲ್ಲ ಅಂತ ಹೇಳಿದ ಟೂರ್ನಮೆಂಟಿಗೆ ನಾವು ರೆಫ್ರಿಗಳನ್ನು ಕೊಡ್ಲಿಲ್ಲ. 2012ರ ಪೋಕ್ಸೋ ಕಾಯ್ದೆ ಬಗ್ಗೆ ನಮ್ಮ ಜೊತೆ ಇರುವ ಎಲ್ಲಾ ದೊಡ್ಡವರಿಗೂ ವರ್ಷಕ್ಕೊಮ್ಮೆ ಕೂರಿಸಿ ಹೇಳ್ತೇವೆ.

ದುಡ್ಡು ಎಷ್ಟು?

ಮ್ಯಾಚ್, ವಯಸ್ಸು ನೋಡಿ ಬದಲಾಗ್ತದೆ. ಎಷ್ಟೇ ಇರ್ಲಿ, ಬಸ್ ಚಾರ್ಜ್ ಬೇರೆ, ಮತ್ತು ಗ್ರೌಂಡ್ ಬಿಡುವ ಮೊದಲು ಕೈಗೆ ಸಿಗ್ಬೇಕು. ಕೊಡುದು ನಡೆಸುವವರು, ಟೀಮಿನವರಲ್ಲ.

ಗುಡುಗು ಬಂದ್ರೆ, ವಿಪರೀತ ಬಿಸಿಲಿದ್ರೆ?

ನಿಲ್ಲಿಸುವ ಅಧಿಕಾರ ರೆಫ್ರಿಗೆ ಉಂಟು, ಅವನಿಗೆ 14 ವರ್ಷ ಆದ್ರೂ ಉಂಟು. ಎಪ್ರಿಲ್ ಮೇಯಲ್ಲಿ, ತುಲಾ ತಿಂಗಳಲ್ಲಿ (ಅಕ್ಟೋಬರ್-ನವೆಂಬರ್) ಮಧ್ಯಾಹ್ನ ಕಳೆದ ಮೇಲೆ ಸಿಡಿಲು ಇಲ್ಲಿ ಹೊಸತಲ್ಲ. ಗುಡುಗು ಕೇಳಿದ ಕೂಡ್ಲೆ ಎಲ್ಲರೂ ಗಟ್ಟಿ ಕಟ್ಟಡದ ಒಳಗೆ, ತೆಂಗಿನ ಮರದ ಅಡಿ ಅಲ್ಲ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯುದು. ಬಿಸಿಲಿಗೆ ನೀರು ಕುಡೀಲಿಕ್ಕೆ ಒಂದು ನಿಮಿಷ, ತಂಪು ಮಾಡಿಕೊಳ್ಳುವ ಬ್ರೇಕ್ ಆದ್ರೆ ಒಂದೂವರೆಯಿಂದ ಮೂರು ನಿಮಿಷ ತನಕ ಕೊಡ್ಲಿಕ್ಕೆ ನಿಯಮದಲ್ಲಿ ಉಂಟು, ಕೊಡಿ, ಯಾರ ಹತ್ರವೂ ಕೇಳ್ಬೇಡಿ.

ನಿಯಮ ಎಲ್ಲಿಂದ ಕಲಿಯುದು?

ನಿಯಮದ ಪುಸ್ತಕ ಇಂಟರ್ನೆಟ್ಟಲ್ಲಿ ಪುಕ್ಕಟೆ ಸಿಗ್ತದೆ, ಫೋನಿಗೆ ಆ್ಯಪ್ ಕೂಡ ಉಂಟು. ಪ್ರತಿ ವರ್ಷ ಜುಲೈ 1ರಿಂದ ಬದಲಾವಣೆಗಳು ಜಾರಿಗೆ ಬರುದು, ನಮಗೆ ಅದು ಮಳೆಗಾಲ, ಓದ್ಲಿಕ್ಕೆ ಸರೀ ಸಮಯ. 2025ರಲ್ಲಿ ಬಂದ ಒಂದು ದೊಡ್ಡ ಬದಲಾವಣೆ ಗೋಲ್‌ಕೀಪರ್ ಕೈಯಲ್ಲಿ ಬಾಲ್ ಎಂಟು ಸೆಕೆಂಡಿಗಿಂತ ಹೆಚ್ಚು ಇಟ್ಕೊಂಡ್ರೆ ಆಚೆ ಟೀಮಿಗೆ ಕಾರ್ನರ್, ಹಿಂದೆ ಆರು ಸೆಕೆಂಡ್ ಮತ್ತು ಇಂಡೈರೆಕ್ಟ್ ಫ್ರೀಕಿಕ್ ಇತ್ತು. ಕೊನೆಯ ಐದು ಸೆಕೆಂಡನ್ನು ರೆಫ್ರಿ ಕೈ ಎತ್ತಿ ಬೆರಳಲ್ಲಿ ತೋರಿಸ್ಬೇಕು. ಮುಂದೆ ಹೋಗ್ಬೇಕು ಅಂತ ಆಸೆ ಇದ್ದವರು ಜಿಲ್ಲಾ ಅಸೋಸಿಯೇಷನ್ ಮೂಲಕ ಆಗುವ ಪರೀಕ್ಷೆಗೆ ಕೂತ್ಕೊಳ್ಳಿ, ಅದರಲ್ಲಿ ಓಟವೂ ಉಂಟು.

ಮೊದಲ ದಿನ ಎಂತ ತರ್ಬೇಕು?

ವಿಸಿಲ್ ಎರಡು, ವಾಚ್ ಎರಡು, ಒಂದು ನಿಂತ್ರೆ ಇನ್ನೊಂದು. ಎರಡು ಕಾರ್ಡ್, ಸಣ್ಣ ಪುಸ್ತಕ, ಪೆನ್ಸಿಲ್, ಬೆವರಿಗೆ ಪೆನ್ನಿನ ಶಾಯಿ ಹರಡ್ತದೆ. ನೀರು. ಎರಡೂ ಟೀಮಿನ ಬಣ್ಣಕ್ಕಿಂತ ಬೇರೆ ಬಣ್ಣದ ಅಂಗಿ, ಇಲ್ಲದಿದ್ರೆ ನಾವು ಕೊಡ್ತೇವೆ. ಅರ್ಧ ಗಂಟೆ ಮೊದಲು ಬನ್ನಿ, ಗೋಲಿನ ಬಲೆ, ಕಂಬ ಗಟ್ಟಿ ಉಂಟಾ ಅಂತ ಒಟ್ಟಿಗೆ ನೋಡುವ. ಮನೆಯವರು ಬರ್ತೇವೆ ಅಂತ ಹೇಳಿದ್ರೆ ಬರ್ಲಿ, ಅವರಿಗೆ ಆಚೆ ಬದಿಯಲ್ಲಿ ಕುರ್ಚಿ ಇಟ್ಟಿರ್ತೇನೆ.